ಗಾಳಿಕೊಳವೆಯ ಪೂರ್ವೋತ್ತರ

ವೇಗಕ್ಕೆಂದೇ ನಿರ್ಮಿತವಾದ ಸೆಡಾನ್ ಕಾರೊಂದನ್ನು ಕೊಂಡ ತರುಣನು, ಅದರ ಬಣ್ಣದ ಹೊಳಪು ಮಾಸುವುದಕ್ಕೆ ಮೊದಲೇ ಬಾನೆಟ್ಟನ್ನೆತ್ತಿ, ಏರ್ ಫಿಲ್ಟರಿನ ಪೆಟ್ಟಿಗೆಗೂ ಎಂಜಿನ್ನಿಗೂ ನಡುವೆ ಇರುವ ಕಪ್ಪು ಪ್ಲಾಸ್ಟಿಕ್ಕಿನ ಕೊಳವೆಯನ್ನು ಕಳಚಿ, ಅದರ ಸ್ಥಾನದಲ್ಲಿ ಬೇರೊಬ್ಬ ತಯಾರಕನ ಅಲ್ಯೂಮಿನಿಯಮ್ ಅಥವಾ ಸಿಲಿಕೋನ್ ಕೊಳವೆಯನ್ನು ಕೂರಿಸಲು ಹವಣಿಸುವುದು ಅಮೆರಿಕ, ಜಪಾನ್ ಮೊದಲಾದ ದೇಶಗಳಲ್ಲಿ ಒಂದು ಆಚಾರವೇ ಆಗಿಬಿಟ್ಟಿದೆ. ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ಅಂಗಡಿಯವನು ಅಶ್ವಶಕ್ತಿಯ ಅಂಕಿಗಳಿಂದ ಉತ್ತರ ಹೇಳುತ್ತಾನೆ. ಆದರೆ ಆ ಕೊಳವೆಯು ಇಂದಿನ ರೂಪವನ್ನು ಪಡೆದುದು ಹೇಗೆ, ಅದರ ಒಂದೊಂದು ತಿರುವಿಗೂ ಉಬ್ಬಿಗೂ ಕಾರಣವಾವುದು ಎಂಬುದನ್ನರಿಯದೆ ಆರಿಸಹೊರಟವನಿಗೆ ಆ ಅಂಕಿಗಳಿಂದ ದೊರೆಯುವ ತಿಳಿವು ಅತ್ಯಲ್ಪ. ಈ ಕೊಳವೆಯ ಹಿಂದೆ ಸುಮಾರು ನೂರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯ ಬಹುಭಾಗ ನಡೆದುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ.

ಪೆಟ್ರೋಲು ಪೂರ್ಣವಾಗಿ ದಹಿಸಬೇಕಾದರೆ, ತೂಕದ ಲೆಕ್ಕದಲ್ಲಿ, ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಇದನ್ನೇ ಗಾತ್ರದ ಲೆಕ್ಕಕ್ಕೆ ಇಳಿಸಿದರೆ ಒಂದು ಲೀಟರು ಪೆಟ್ರೋಲಿಗೆ ಹತ್ತಿರಹತ್ತಿರ 9,000 ಲೀಟರು ಗಾಳಿಯಾಗುತ್ತದೆ. ಪೆಟ್ರೋಲಿಗೆ ದುಡ್ಡು ತೆರುವ ನಮಗೆ ಅದರ ಬಳಕೆಯ ಮೇಲೆ ಸದಾ ಕಣ್ಣು. ಬಿಟ್ಟಿ ದೊರೆಯುವ ಗಾಳಿಯ ಯೋಚನೆ ಮಾತ್ರ ಬರುವುದೇ ಇಲ್ಲ. ಎಂಜಿನ್ನಿನ ಶಕ್ತಿಗೆ ಮಿತಿ ಹಾಕುವುದಾದರೋ ಬಹುಮಟ್ಟಿಗೆ ಗಾಳಿಯೇ. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಅದಕ್ಕೆ ತಕ್ಕ ಗಾಳಿಯನ್ನು ಒಳಗೆ ತರುವುದೇ ಕಷ್ಟ. ಈ ಒಂದು ಸತ್ಯವನ್ನು ಪುಸ್ತಕದ ಸಹಾಯವಿಲ್ಲದೆ ಕೈಯ ಅನುಭವದಿಂದಲೇ ಕಂಡುಕೊಂಡವರು ಪಂದ್ಯದ ಹುಚ್ಚು ಹಿಡಿದ ಮೆಕ್ಯಾನಿಕರು.

ಮೊದಮೊದಲ ಕಾರುಗಳಲ್ಲಿ ಫಿಲ್ಟರೆಂಬುದೇ ಇರಲಿಲ್ಲ. ಗಾಳಿಗೆ ಪೆಟ್ರೋಲನ್ನು ಬೆರೆಸುವ ಕಾರ್ಬ್ಯುರೇಟರಿನ ಬಾಯಿ ತೆರೆದೇ ಇರುತ್ತಿತ್ತು. ಮಣ್ಣುರಸ್ತೆಯ ಧೂಳೆಲ್ಲವೂ ಅದರ ಮೂಲಕ ಸಿಲಿಂಡರನ್ನು ಹೊಕ್ಕು ಪಿಸ್ಟನ್ನಿನ ಉಂಗುರಗಳನ್ನು ಸವೆಸುತ್ತಿತ್ತು. 1920ರ ದಶಕದಲ್ಲಿ ಗಾಳಿ ಸೋಸುವ ಸಾಧನಗಳು ಸಾಮಾನ್ಯವಾಗುತ್ತ ಬಂದವು. ತರುವಾಯ ಎಣ್ಣೆಯ ಬಟ್ಟಲಿನ ಫಿಲ್ಟರು ಬಹುಕಾಲ ರಾಜ್ಯವಾಳಿತು. ಒಳಬಂದ ಗಾಳಿಯನ್ನು ಎಣ್ಣೆಯ ಮೇಲ್ಮೈಯ ಬಳಿ ಥಟ್ಟನೆ ಹಿಂದಕ್ಕೆ ತಿರುಗಿಸಿ, ತಿರುಗಲಾರದ ಧೂಳಿನ ಕಣಗಳು ಎಣ್ಣೆಯಲ್ಲಿ ಬಿದ್ದು ಸಿಕ್ಕಿಕೊಳ್ಳುವಂತೆ ಮಾಡುವ ಆ ಉಪಾಯವನ್ನು ನಮ್ಮ ನಾಡಿನ ಹಳೆಯ ಜೀಪುಗಳ ಡ್ರೈವರುಗಳು ಚೆನ್ನಾಗಿ ಬಲ್ಲರು. ಬಟ್ಟಲಿನ ತಳದಲ್ಲಿ ಸೇರಿದ ಕೆಸರನ್ನು ಬಳಿದು ಹೊಸ ಎಣ್ಣೆ ತುಂಬುವುದು ಅವರ ನಿತ್ಯದ ಕೆಲಸಗಳಲ್ಲೊಂದಾಗಿತ್ತು. ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರು ಬಂದುದು 1950ರ ದಶಕದಲ್ಲಿ.

ಇನ್ನು ಪಂದ್ಯದವರ ಕಥೆ. 1932ರಲ್ಲಿ ಫೋರ್ಡ್ ಕಂಪನಿಯು ಎಂಟು ಸಿಲಿಂಡರುಗಳ, 65 ಅಶ್ವಶಕ್ತಿಯ ವಿ-8 ಎಂಜಿನ್ನನ್ನು ಸಾಮಾನ್ಯ ಜನರು ಕೊಳ್ಳಬಹುದಾದ ಕಾರಿನಲ್ಲಿ ಇಟ್ಟು ಮಾರತೊಡಗಿದ ಮೇಲೆ, ಲಾಸ್ ಏಂಜಲೀಸಿನ ಸುತ್ತಣ ತರುಣರು ಹಳೆಯ ಫೋರ್ಡುಗಳ ಮಡ್‌ಗಾರ್ಡು ಮೊದಲಾದವುಗಳನ್ನು ಕಿತ್ತೊಗೆದು, ಮುರಾಕ್ ಎಂಬ ಒಣಸರೋವರದ ವಿಸ್ತಾರವಾದ ಗಟ್ಟಿನೆಲದ ಮೇಲೆ ಅವುಗಳನ್ನು ಓಡಿಸಿ ವೇಗವನ್ನು ಅಳೆಯುವುದು ಹೆಚ್ಚಾಯಿತು. 1937ರಲ್ಲಿ ಅವರ ಹಲವು ಕ್ಲಬ್ಬುಗಳು ಸೇರಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿಕೊಂಡವು. ಗ್ಯಾರೇಜು ನಡೆಸುತ್ತಿದ್ದ ವಿಕ್ ಎಡೆಲ್‌ಬ್ರಾಕ್ ಎಂಬಾತನು ಅದೇ ದಶಕದ ಅಂತ್ಯದಲ್ಲಿ, ಒಂದರ ಬದಲು ಎರಡು ಕಾರ್ಬ್ಯುರೇಟರುಗಳನ್ನು ಕೂರಿಸಬಹುದಾದ ಸ್ಲಿಂಗ್‌ಶಾಟ್ ಎಂಬ ಅಲ್ಯೂಮಿನಿಯಮ್ ಮ್ಯಾನಿಫೋಲ್ಡನ್ನು, ಎಂದರೆ ಸಿಲಿಂಡರುಗಳಿಗೆ ಗಾಳಿಯನ್ನು ಹಂಚುವ ಕವಲುಕೊಳವೆಯನ್ನು, ತನ್ನ ಕಾರಿಗಾಗಿ ರೂಪಿಸಿದನು. ಅದನ್ನು ಕಂಡವರು ತಮಗೂ ಬೇಕೆಂದು ಕೇಳಿದರು. ಹೀಗೆ ಸ್ವಂತಕ್ಕೆ ಮಾಡಿಕೊಂಡ ವಸ್ತು ವ್ಯಾಪಾರದ ವಸ್ತುವಾಯಿತು. ಕಾರಿನ ಕಾರ್ಖಾನೆಯವನಲ್ಲದೆ ಹೊರಗಿನವನೊಬ್ಬನು ಗಾಳಿಯ ದಾರಿಯನ್ನು ತಿದ್ದಿ ಮಾರುವ ಕಸುಬಿನ ಉಗಮ ಇಲ್ಲಿಯೇ ಎನ್ನಬಹುದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಊರಿಗೆ ಮರಳಿದ ಸೈನಿಕರ ಕೈಯಲ್ಲಿ ಹಣವೂ ಯಂತ್ರಜ್ಞಾನವೂ ಎರಡೂ ಇದ್ದುದರಿಂದ ಈ ಕಸುಬು ಹಬ್ಬಿತು. 1948ರಲ್ಲಿ ಹಾಟ್ ರಾಡ್ ಪತ್ರಿಕೆ ಹೊರಟಿತು. 1949ರಲ್ಲಿ ಯೂಟಾ ಪ್ರಾಂತದ ಬಾನೆವಿಲ್ ಉಪ್ಪುನೆಲದಲ್ಲಿ ವೇಗಸಪ್ತಾಹ ಆರಂಭವಾಯಿತು. 1963ರಲ್ಲಿ ಬಿಡಿಭಾಗಗಳ ತಯಾರಕರು ಸೀಮಾ ಎಂಬ ತಮ್ಮದೇ ಸಂಘವನ್ನು ಸ್ಥಾಪಿಸಿ, ಕ್ಯಾಮ್‌ಶಾಫ್ಟುಗಳಿಗೆ ಹೆಸರಾದ ಎಡ್ ಇಸ್ಕೆಂಡೇರಿಯನ್ ಅವರನ್ನು ಅದಕ್ಕೆ ಮೊದಲ ಅಧ್ಯಕ್ಷರನ್ನಾಗಿ ಮಾಡಿಕೊಂಡರು.

ವಿಧಿಯ ವಿಲಾಸವೆಂದೇ ಹೇಳಬೇಕು, ಎಂಜಿನ್ನಿಗೆ ಹೆಚ್ಚು ಗಾಳಿಯನ್ನುಣಿಸುವ ವಿದ್ಯೆ ಯಾವ ನಗರದಲ್ಲಿ ಬೆಳೆಯಿತೋ ಅದೇ ನಗರದಲ್ಲಿ ಮನುಷ್ಯರಿಗೆ ಗಾಳಿ ಸಾಲದಾಯಿತು. 1943ರ ಜುಲೈ ತಿಂಗಳಲ್ಲಿ ಲಾಸ್ ಏಂಜಲೀಸಿನ ಮೇಲೆ ಕವಿದ ಕಂದು ಮಬ್ಬಿನಿಂದ ಜನರ ಕಣ್ಣು ಉರಿದು ಗಂಟಲು ಕಟ್ಟಿದಾಗ, ಯುದ್ಧಕಾಲವಾದುದರಿಂದ, ಜಪಾನೀಯರು ವಿಷಾನಿಲವನ್ನು ಪ್ರಯೋಗಿಸಿರಬಹುದೆಂದು ಕೆಲವರು ಶಂಕಿಸಿದರಂತೆ. ಆ ಮಬ್ಬಿನ ನಿಜವಾದ ಕಾರಣವನ್ನು ಕಂಡುಹಿಡಿದವರು ಕ್ಯಾಲ್‌ಟೆಕ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ಆರಿ ಹಾಗೆನ್-ಸ್ಮಿಟ್. ಅನಾನಸ್ ಹಣ್ಣಿನ ಪರಿಮಳದ ದ್ರವ್ಯಗಳನ್ನು ಬೇರ್ಪಡಿಸುವುದರಲ್ಲಿ ತೊಡಗಿದ್ದ ಅವರು, ಅದೇ ವಿಧಾನದಿಂದ ನಗರದ ಗಾಳಿಯನ್ನೂ ಶೋಧಿಸಿ, ಕಾರುಗಳೂ ತೈಲಾಗಾರಗಳೂ ಹೊರಬಿಡುವ ಹೈಡ್ರೋಕಾರ್ಬನ್ನುಗಳು ಮತ್ತು ನೈಟ್ರೋಜನ್ನಿನ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಓಜೋನನ್ನು ಹುಟ್ಟಿಸುತ್ತವೆಂದು ತೋರಿಸಿಕೊಟ್ಟರು. ಈ ಆವಿಷ್ಕಾರದ ಫಲ ಕೊಳವೆಯ ಮೇಲೂ ಆಯಿತು. ಅಲ್ಲಿಯತನಕ ಎಂಜಿನ್ನಿನ ಕೆಳಗಣ ಕ್ರ್ಯಾಂಕ್‌ಕೇಸಿನಿಂದ ರಸ್ತೆಗೆ ಬಿಡಲಾಗುತ್ತಿದ್ದ ಹೊಗೆಯನ್ನು 1960ರ ದಶಕದ ಆರಂಭದಿಂದ ಮತ್ತೆ ಎಂಜಿನ್ನೇ ನುಂಗಿ ಸುಡುವಂತೆ ಮಾಡಲಾಯಿತು. ಇಂದಿನ ಬಹುಪಾಲು ಕೊಳವೆಗಳ ಪಕ್ಕದಲ್ಲಿ ಕಾಣುವ ಸಣ್ಣ ಮೂತಿ ಆ ಹೊಗೆಯ ಪುನಃಪ್ರವೇಶದ ಬಾಗಿಲು. ಹೊಸ ಕೊಳವೆಯನ್ನು ಕೊಳ್ಳುವಾಗ ಈ ಮೂತಿ ಸರಿಯಾದ ಅಳತೆಯಲ್ಲಿದೆಯೇ ಎಂದು ನೋಡದವರು ಅನೇಕರು. 1967ರಲ್ಲಿ ಕ್ಯಾಲಿಫೋರ್ನಿಯಾದ ವಾಯುಸಂಪನ್ಮೂಲ ಮಂಡಲಿ ರಚಿತವಾಯಿತು. ಅದರ ಮೊದಲ ಅಧ್ಯಕ್ಷರಾದವರು ಹಾಗೆನ್-ಸ್ಮಿಟ್ ಅವರೇ.

ಇಂದಿನವರಿಗೆ ಆಶ್ಚರ್ಯವೆನಿಸುವ ಮತ್ತೊಂದು ಸಂಗತಿಯೂ ಆ ಕಾಲದ್ದೇ. ತಂಪಾದ ಗಾಳಿಯೇ ಶ್ರೇಷ್ಠವೆಂದು ಈಗ ಎಲ್ಲರೂ ನಂಬಿರುವಾಗ, ಅಂದಿನ ಕಾರ್ಖಾನೆಗಳು ಎಗ್ಸಾಸ್ಟಿನ ಬಳಿ ಕಾದ ಗಾಳಿಯನ್ನು ಒಂದು ಕೊಳವೆಯ ಮೂಲಕ ಬೇಕೆಂದೇ ಫಿಲ್ಟರಿಗೆ ತರುತ್ತಿದ್ದವು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಆವಿಯಾಗಬೇಕಾದರೆ ಬಿಸಿ ಬೇಕು. ಚಳಿಗಾಲದ ಒದ್ದೆಗಾಳಿಯಲ್ಲಾದರೆ ಅದರ ಗಂಟಲಲ್ಲಿ ಮಂಜುಗಡ್ಡೆ ಕಟ್ಟುವುದೂ ಉಂಟು. ಎಂಜಿನ್ನು ಬೇಗ ಬಿಸಿಯಾದಷ್ಟೂ ಹೊಗೆಯೂ ಕಡಿಮೆ. ಎಂಜಿನ್ನು ಕಾದ ಮೇಲೆ ಉಷ್ಣಕ್ಕೆ ಸ್ಪಂದಿಸುವ ಒಂದು ಕದ ಬಿಸಿಗಾಳಿಯನ್ನು ಮುಚ್ಚಿ ತಂಪುಗಾಳಿಯನ್ನು ಬಿಡುತ್ತಿತ್ತು. ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ಪದ್ಧತಿ ಬರುವವರೆಗೆ ತಂಪುಗಾಳಿಯು ಸರ್ವಋತುಗಳಿಗೂ ಸಲ್ಲುವ ವರವಾಗಿರಲಿಲ್ಲ.

ಕೊಳವೆಯ ಉದ್ದದ ವಿಷಯದಲ್ಲಿ ಒಂದು ಗೊಂದಲವನ್ನು ಇಲ್ಲಿಯೇ ಪರಿಹರಿಸಬೇಕು. ಗಾಳಿಯ ಸ್ತಂಭಕ್ಕೆ ತನ್ನದೇ ಆದ ಕಂಪನವುಂಟು. ಅದಕ್ಕೆ ತಕ್ಕಂತೆ ಕೊಳವೆಯ ಉದ್ದವನ್ನು ನಿಶ್ಚಯಿಸಿದರೆ ಕವಾಟ ಮುಚ್ಚುವ ಹೊತ್ತಿಗೆ ಸರಿಯಾಗಿ ಒತ್ತಡದ ಅಲೆಯೊಂದು ಬಂದು ಇನ್ನಷ್ಟು ಗಾಳಿಯನ್ನು ಸಿಲಿಂಡರಿಗೆ ತುರುಕುತ್ತದೆ. 1954ರ ಮರ್ಸಿಡಿಸ್ 300 ಎಸ್‌ಎಲ್ ಕಾರಿನ ನೀಳವಾದ ಕೊಳವೆಗಳೂ, 1960ರ ಕ್ರೈಸ್ಲರ್ 300 ಎಫ್ ಕಾರಿನಲ್ಲಿ ಎಂಜಿನ್ನಿನ ಮೇಲೆ ಒಂದನ್ನೊಂದು ದಾಟಿ ಚಾಚಿಕೊಂಡ ಕೊಳವೆಗಳೂ ಈ ತತ್ತ್ವದ ಸುಂದರ ನಿದರ್ಶನಗಳು. ಆದರೆ ಅವು ಎಂಜಿನ್ನಿನ ತಲೆಗೆ ಹೊಂದಿದ ಒಳಕೊಳವೆಗಳು. ಫಿಲ್ಟರಿನ ಬಳಿಯ ಹೊರಕೊಳವೆಯನ್ನು ಮಾರುವವರು ಈ ಗೌರವವನ್ನು ತಮ್ಮ ಸರಕಿಗೆ ಎರವಲು ತರುವುದು ಅಷ್ಟು ನ್ಯಾಯವಲ್ಲ.

ಸ್ಪೋರ್ಟ್ಸ್ ಸೆಡಾನ್ ಎಂಬ ಜಾತಿಯೇ ಯುದ್ಧಾನಂತರದ ಯೂರೋಪಿನ ಸೃಷ್ಟಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗಬಲ್ಲ ನಾಲ್ಕು ಬಾಗಿಲುಗಳ ಕಾರೇ ಪಂದ್ಯದಲ್ಲಿಯೂ ಗೆಲ್ಲಬೇಕೆಂಬ ಹಂಬಲವನ್ನು ಆಲ್ಫಾ ರೋಮಿಯೋ 1950ರಲ್ಲಿ ಬಂದ 1900 ಎಂಬ ತನ್ನ ಮಾದರಿಯಲ್ಲಿಯೂ 1962ರ ಜೂಲಿಯಾದಲ್ಲಿಯೂ ಈಡೇರಿಸಿತು. ಜಾಗ್ವಾರ್ ಮಾರ್ಕ್ 2, ಲೋಟಸ್ ಕಾರ್ಟಿನಾ, ಬಿಎಂಡಬ್ಲ್ಯು 1500 ಮತ್ತು 2002 ಇವೆಲ್ಲ ಸ್ವಲ್ಪ ಹಿಂದುಮುಂದಾಗಿ ಬಂದ ಅದೇ ಬಳಗದವು. ಜಪಾನಿನ ಡಾಟ್ಸನ್ 510 ಕಾರು ಪೀಟರ್ ಬ್ರಾಕ್ ಅವರ ತಂಡದ ಕೈಯಲ್ಲಿ 1971 ಮತ್ತು 1972ರ ಅಮೆರಿಕದ ಟ್ರಾನ್ಸ್-ಆಮ್ ಪಂದ್ಯಾವಳಿಯ ಸಣ್ಣ ಎಂಜಿನ್ನುಗಳ ವರ್ಗವನ್ನು ಗೆದ್ದುದರಿಂದ ಪೂರ್ವದೇಶದ ಕಾರಿಗೂ ಆ ಪಂಕ್ತಿಯಲ್ಲಿ ಸ್ಥಾನ ದೊರೆಯಿತು. ಅಂದಿನ ಪಂದ್ಯದ ಕಾರುಗಳಲ್ಲಿ ವೆಬರ್ ಕಾರ್ಬ್ಯುರೇಟರುಗಳ ಬಾಯಿಗೆ ಕಹಳೆಯಾಕಾರದ ಮೋಟು ಕೊಳವೆಗಳನ್ನು ಇಟ್ಟಿರುತ್ತಿದ್ದರು. ಅವುಗಳನ್ನು ಬದಲಾಯಿಸಿದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿಗೆ ಮಿತಿಯಿಡುವ ಜೆಟ್ಟನ್ನೂ ಬದಲಾಯಿಸಬೇಕೆಂಬುದು ಪ್ರತಿಯೊಬ್ಬ ಮೆಕ್ಯಾನಿಕನಿಗೂ ಗೊತ್ತಿತ್ತು. ಗಾಳಿಯನ್ನು ಮುಟ್ಟಿದವನು ಪೆಟ್ರೋಲನ್ನೂ ಮುಟ್ಟಲೇಬೇಕೆಂಬ ಆ ಶಿಸ್ತು ಕಾಲಾಂತರದಲ್ಲಿ ಮರೆತುಹೋದುದೇ ಮುಂದಿನ ಅನರ್ಥಗಳಿಗೆ ಮೂಲ.

ಅದು ಮರೆತುಹೋದುದಕ್ಕೆ ಕಾರಣ ವಿದ್ಯುತ್ತಿನ ಪ್ರವೇಶ. ಜರ್ಮನಿಯ ಬಾಶ್ ಕಂಪನಿಯು 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ವಿದ್ಯುನ್ಮಾನ ಇಂಜೆಕ್ಷನ್ ಪದ್ಧತಿಯನ್ನು ಬಳಕೆಗೆ ತಂದಿತು. ನಮ್ಮ ಬೆಂಗಳೂರಿನಲ್ಲಿ ಮೈಕೋ ಎಂಬ ಹೆಸರಿನಿಂದ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿ, ಒಂದು ಬಡಾವಣೆಗೇ ತನ್ನ ಹೆಸರನ್ನು ಕೊಟ್ಟ ಕಾರ್ಖಾನೆಯ ಬಂಧು ಕಂಪನಿಯೇ ಇದು. ಆ ಮೊದಲ ಪದ್ಧತಿ ಮ್ಯಾನಿಫೋಲ್ಡಿನ ಒತ್ತಡದಿಂದ ಗಾಳಿಯನ್ನು ಊಹಿಸುತ್ತಿತ್ತು. 1970ರ ದಶಕದಲ್ಲಿ ಬಂದ ಮುಂದಿನ ಪದ್ಧತಿಯಾದರೋ ಗಾಳಿಯ ದಾರಿಯಲ್ಲಿಯೇ ಒಂದು ರೆಕ್ಕೆಯನ್ನಿಟ್ಟು, ಅದು ಎಷ್ಟು ತೆರೆಯಿತೆಂಬುದರಿಂದ ಗಾಳಿಯನ್ನು ಅಳೆಯಿತು. 1980ರ ದಶಕದ ಆರಂಭದಲ್ಲಿ ರೆಕ್ಕೆಯ ಬದಲಿಗೆ ಕಾದ ತಂತಿ ಬಂತು. ಕೂದಲಿನಂಥ ಆ ಪ್ಲಾಟಿನಮ್ ತಂತಿಯ ಉಷ್ಣವನ್ನು ವಿದ್ಯುತ್ತು ಒಂದೇ ಸಮನಾಗಿ ಕಾಪಾಡುತ್ತದೆ. ಹಾಯುವ ಗಾಳಿ ಅದನ್ನು ತಣಿಸುತ್ತದೆ. ತಣಿದುದನ್ನು ಮತ್ತೆ ಕಾಯಿಸಲು ಎಷ್ಟು ವಿದ್ಯುತ್ತು ಬೇಕಾಯಿತೆಂಬುದೇ ಗಾಳಿಯ ತೂಕದ ಅಳತೆ.

ಇಲ್ಲಿಗೆ ಕೊಳವೆಯ ಸ್ವಭಾವವೇ ಬದಲಾಯಿತು. ಅಂದಿನವರೆಗೆ ಅದು ಗಾಳಿಯ ದಾರಿ ಮಾತ್ರವಾಗಿತ್ತು. ಇನ್ನು ಮುಂದೆ ಅಳತೆಯ ಉಪಕರಣದ ಒಂದು ಅಂಗವೂ ಆಯಿತು. ಆ ತಂತಿಯಿರುವ ಸೆನ್ಸರು ಅರಿಯುವುದು ತನ್ನನ್ನು ಸವರಿಕೊಂಡು ಹೋಗುವ ಗಾಳಿಯನ್ನು ಮಾತ್ರ. ಅದರಿಂದ ಒಟ್ಟು ಗಾಳಿಯೆಷ್ಟೆಂದು ಲೆಕ್ಕ ಹಾಕುವ ಕಾರಿನ ಕಂಪ್ಯೂಟರು, ಸೆನ್ಸರಿನ ಸುತ್ತಣ ಕೊಳವೆಯ ಒಳವ್ಯಾಸ ಕಾರ್ಖಾನೆಯವರು ಹೇಳಿದಷ್ಟೇ ಇದೆಯೆಂದು ನಂಬಿರುತ್ತದೆ. ಒಳವ್ಯಾಸವನ್ನು ನೂರಕ್ಕೆ ಹತ್ತರಷ್ಟು ಹಿಗ್ಗಿಸಿದರೆ ಬಾಯಿಯ ವಿಸ್ತೀರ್ಣ ನೂರಕ್ಕೆ 21ರಷ್ಟು ಹಿಗ್ಗುತ್ತದೆ. ಅಷ್ಟೇ ಗಾಳಿ ಈಗ ನಿಧಾನವಾಗಿ ಹರಿಯುತ್ತದೆ. ತಂತಿ ಕಡಿಮೆ ತಣಿಯುತ್ತದೆ. ಕಂಪ್ಯೂಟರು ಗಾಳಿ ಕಡಿಮೆಯಾಯಿತೆಂದು ಬಗೆದು ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಅಳೆಯುವ ಸೇರನ್ನು ಬದಲಿಸಿ ಲೆಕ್ಕದ ಪುಸ್ತಕವನ್ನು ಮಾತ್ರ ಹಳೆಯದನ್ನೇ ಇಟ್ಟುಕೊಂಡ ಧಾನ್ಯದ ವ್ಯಾಪಾರಿಯ ಅವಸ್ಥೆ ಇದು. ಹಗುರವಾಗಿ ಓಡಿಸುವಾಗ ಎಗ್ಸಾಸ್ಟಿನಲ್ಲಿರುವ ಆಕ್ಸಿಜನ್ ಸೆನ್ಸರು ಈ ತಪ್ಪನ್ನು ಒಂದು ಮಿತಿಯವರೆಗೆ ತಿದ್ದೀತು. ಆಕ್ಸಿಲರೇಟರನ್ನು ಪೂರ್ತಿಯಾಗಿ ತುಳಿದಾಗ, ಎಂದರೆ ಅಪಾಯ ಹೆಚ್ಚಿರುವಾಗಲೇ, ಬಹುಪಾಲು ಕಾರುಗಳಲ್ಲಿ ಆ ತಿದ್ದುಪಡಿ ನಡೆಯುವುದಿಲ್ಲ.

1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೊಸ ಪೀಳಿಗೆ ಹೋಂಡಾ ಸಿವಿಕ್ ಮೊದಲಾದ ಜಪಾನೀ ಕಾರುಗಳನ್ನು ಹಿಡಿಯಿತು. ಅವರ ಬೇಡಿಕೆಯಿಂದಲೇ ಬಾಗಿಸಿದ ಅಲ್ಯೂಮಿನಿಯಮ್ ಕೊಳವೆಗೆ ಶಂಕುವಿನಾಕಾರದ ಫಿಲ್ಟರು ಸಿಕ್ಕಿಸಿದ ಸರಕು ಪೆಟ್ಟಿಗೆಯಲ್ಲಿ ಕಟ್ಟಿ ಮಾರುವಷ್ಟು ಸಾಮಾನ್ಯವಾಯಿತು. ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರಾದರೋ 1969ರಲ್ಲಿ ರಿವರ್‌ಸೈಡ್ ಪಟ್ಟಣದಲ್ಲಿ ಹುಟ್ಟಿದ ಕೆ ಅಂಡ್ ಎನ್ ಕಂಪನಿಯಿಂದ ಮೊದಲೇ ಪ್ರಸಿದ್ಧವಾಗಿತ್ತು. ಫಿಲ್ಟರು ಬಾನೆಟ್ಟಿನೊಳಗೇ ಉಳಿಯುವ ಮೋಟುಕೊಳವೆ ಒಂದು ಬಗೆ. ಬಂಪರಿನ ಹಿಂದಕ್ಕೆ ಇಳಿದು ಹೊರಗಾಳಿಯನ್ನು ಹೀರುವ ನೀಳಕೊಳವೆ ಇನ್ನೊಂದು ಬಗೆ. ಗಾಳಿಯ ಉಷ್ಣ ಮೂರು ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಸಾಂದ್ರತೆ ಹೆಚ್ಚುಕಡಮೆ ನೂರಕ್ಕೆ ಒಂದರಂತೆ ಇಳಿಯುವುದರಿಂದ ಎರಡನೆಯದರ ಮೇಲ್ಮೆ ನಿಜವಾದುದೇ. ಆದರೆ ತಗ್ಗಿನಲ್ಲಿ ಕುಳಿತ ಫಿಲ್ಟರು ಮಳೆನೀರು ನಿಂತ ರಸ್ತೆಯಲ್ಲಿ ಮುಳುಗಿದರೆ ಎಂಜಿನ್ನು ನೀರನ್ನೇ ಹೀರುತ್ತದೆ, ಕುಗ್ಗಲೊಲ್ಲದ ನೀರು ಕನೆಕ್ಟಿಂಗ್ ರಾಡುಗಳನ್ನು ಬಗ್ಗಿಸಿಬಿಡುತ್ತದೆ. ಮುಂಗಾರಿನಲ್ಲಿ ನಮ್ಮ ನಗರಗಳ ರಸ್ತೆಗಳನ್ನು ಕಂಡವರು ಇಲ್ಲಿ ನೀಳಕೊಳವೆಯನ್ನು ಹಾಕಿಸಲಾರರು.

ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಕಾರಿನ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಉಚಿತ. 1992ರಲ್ಲಿ ಜಪಾನಿನಲ್ಲಿ ಹೊರಬಂದು, 1995ರಲ್ಲಿ ಕಾಲಿನ್ ಮೆಕ್‌ರೇ ಅವರಿಗೆ ವಿಶ್ವ ರ್ಯಾಲಿ ಪ್ರಶಸ್ತಿಯನ್ನು ತಂದುಕೊಟ್ಟ ಈ ವಂಶದ ಕಾರು ಅಮೆರಿಕವನ್ನು ತಲುಪಿದುದು 2001ರಲ್ಲಿ. ಅಲ್ಲಿಗೆ ಬಂದ ಕಾರಿನಲ್ಲಿ ಗಾಳಿಯನ್ನಳೆಯುವ ಸೆನ್ಸರು ಫಿಲ್ಟರಿನ ಪೆಟ್ಟಿಗೆಯ ಬಳಿಯಲ್ಲಿಯೇ ಇದೆ. ಅದನ್ನು ದಾಟಿದ ಗಾಳಿ ಒಂದು ಮೊಣಕೈಯಂಥ ಕೊಳವೆಯನ್ನು ಹೊಕ್ಕು, ಬಳಿಕ ಇಂಟೇಕ್ ಮ್ಯಾನಿಫೋಲ್ಡಿನ ಅಡಿಯ ಇಕ್ಕಟ್ಟಿನಲ್ಲಿ ನುಸುಳುವ ಮತ್ತೊಂದು ಕೊಳವೆಯ ಮೂಲಕ ಎಂಜಿನ್ನಿನ ಹಿಂಬದಿಯಲ್ಲಿ ಗಾಳಿಯನ್ನು ಒತ್ತಿ ತುಂಬುವ ಟರ್ಬೋವನ್ನು ಸೇರುತ್ತದೆ. ಈ ಎರಡನೆಯ ಕೊಳವೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಎಂಜಿನಿಯರುಗಳ ಪಾಡು ಅರ್ಥವಾದೀತು: ಸುತ್ತಣ ಲೋಹಭಾಗಗಳಿಗೆ ಎಡೆಗೊಟ್ಟು ಒಂದೆಡೆ ಚಪ್ಪಟೆಯಾಗಿ, ಮತ್ತೊಂದೆಡೆ ದುಂಡಾಗಿ, ಮೈಮೇಲೆ ಕ್ರ್ಯಾಂಕ್‌ಕೇಸಿನ ಹೊಗೆಗೊಂದು, ಟರ್ಬೋವಿನ ಹೆಚ್ಚುವರಿ ಗಾಳಿ ಮರಳುವುದಕ್ಕೊಂದು, ಒತ್ತಡವನ್ನು ನಿಯಂತ್ರಿಸುವ ಸಾಲೆನಾಯ್ಡಿಗೊಂದು ಹೀಗೆ ಹಲವು ಮೂತಿಗಳನ್ನು ಹೊತ್ತ ವಿಚಿತ್ರ ಆಕೃತಿ. ವರ್ಷಗಳ ಬಿಸಿಯಿಂದ ಅದು ಸೆಟೆದು ಬಿರುಕು ಬಿಟ್ಟರೆ, ಸೆನ್ಸರಿನ ಲೆಕ್ಕಕ್ಕೆ ಸಿಗದ ಗಾಳಿ ಆ ಬಿರುಕಿನಿಂದ ಒಳಸೇರಿ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗುತ್ತದೆ. ಈ ಕೊಳವೆಗೆ ಬದಲಾಗಿ ಸಿಲಿಕೋನಿನದನ್ನು ಹಾಕುವುದು ಸಾರ್ಥಕವಾದ ಕೆಲಸವೆಂದೇ ನನ್ನ ಅಭಿಪ್ರಾಯ. ಸೆನ್ಸರಿನ ಆಚೆಗಿರುವುದರಿಂದ ಅದರ ಗಾತ್ರ ಅಳತೆಯನ್ನು ನೇರವಾಗಿ ಕೆಡಿಸದು. ಆದರೆ ಮ್ಯಾನಿಫೋಲ್ಡನ್ನೇ ಬಿಚ್ಚಬೇಕಾದ ಪ್ರಸಂಗವಿರುವುದರಿಂದ ನುರಿತ ಕೈಯೇ ಬೇಕು. ಸೆನ್ಸರಿನ ಸುತ್ತಣ ಕೊಳವೆಯನ್ನು ಬದಲಿಸುವವನು ಮಾತ್ರ, ಕಂಪ್ಯೂಟರಿನ ಲೆಕ್ಕವನ್ನೂ ಹೊಸದಾಗಿ ತಿದ್ದಿಸುವ ಮನಸ್ಸಿಲ್ಲದಿದ್ದರೆ, ಸುಮ್ಮನಿರುವುದು ಲೇಸು. ಟರ್ಬೋ ಎಂಜಿನ್ನಿನಲ್ಲಿ ಪೆಟ್ರೋಲು ಸಾಲದೆ ಆಗುವ ಅಕಾಲ ಸ್ಫೋಟ ಪಿಸ್ಟನ್ನಿನ ಉಂಗುರಗಳ ನಡುವಣ ಅಂಚನ್ನು ಒಡೆಯಬಲ್ಲುದು.

ಕಾರ್ಖಾನೆಯ ಕೊಳವೆಯ ಪಕ್ಕದಲ್ಲಿ ಜೋತುಬಿದ್ದ ಟೊಳ್ಳು ಡಬ್ಬಿಗಳನ್ನು ಅನೇಕರು ನಿರುಪಯೋಗಿಯೆಂದು ಭಾವಿಸುತ್ತಾರೆ. ಗಾಳಿ ಹೀರುವ ಮೊರೆತವನ್ನು ಅಡಗಿಸಲು, ಕಂಪನಗಳನ್ನು ಗಣಿಸಿ ಇಟ್ಟ ಅನುರಣಕಗಳು ಅವು. ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗೀತದ ಸ್ವರಗಳನ್ನು ಪೃಥಕ್ಕರಿಸಲು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಬಳಸಿದ ಟೊಳ್ಳುಗೋಲಗಳ ವಂಶದವು. 1970ರಿಂದ ಯೂರೋಪಿನಲ್ಲಿ ವಾಹನಗಳ ಸದ್ದಿಗೆ ಶಾಸನದ ಕಟ್ಟು ಬಿದ್ದುದರಿಂದ ಅವುಗಳ ಮಹತ್ತ್ವ ಹೆಚ್ಚಿತು. ಹೊರಗಿನ ತಯಾರಕನ ಕೊಳವೆಯಲ್ಲಿ ಸಾಮಾನ್ಯವಾಗಿ ಅವು ಇರುವುದಿಲ್ಲ. ಎಂತಲೇ ಕಾರು ಗರ್ಜಿಸುತ್ತದೆ, ಮಾಲೀಕನಿಗೆ ಶಕ್ತಿ ಹೆಚ್ಚಿದಂತೆ ತೋರುತ್ತದೆ. ಆ ಧ್ವನಿಯ ಆಕರ್ಷಣೆಯನ್ನು ನಾನು ಹಳಿಯಲಾರೆ. 2011ರ ಬಿಎಂಡಬ್ಲ್ಯು ಎಂ5 ಸೆಡಾನಿನಲ್ಲಿ ಎಂಜಿನ್ನಿನ ನಾದವನ್ನು ಸ್ಪೀಕರುಗಳಿಂದ ನುಡಿಸಬೇಕಾಯಿತೆಂದ ಮೇಲೆ ಅದು ಮನುಷ್ಯನಿಗೆ ಎಷ್ಟು ಪ್ರಿಯವೆಂಬುದು ಸ್ಪಷ್ಟವೇ ಆಗಿದೆ. ಧ್ವನಿಗಾಗಿಯೇ ಕೊಳ್ಳುವವನು ಧ್ವನಿಗಾಗಿ ಕೊಳ್ಳುತ್ತಿದ್ದೇನೆಂದು ತಿಳಿದು ಕೊಂಡರೆ ಸಾಕು.

ಕಾನೂನಿನ ಕಡೆಯಿಂದ ನೋಡಿದರೆ, ಕ್ಯಾಲಿಫೋರ್ನಿಯಾದ ವಾಹನಸಂಹಿತೆಯ 27156ನೆಯ ಪ್ರಕರಣವು ಹೊಗೆನಿಯಂತ್ರಣವನ್ನು ಕೆಡಿಸಬಲ್ಲ ಯಾವ ಸಾಧನವನ್ನೂ ರಸ್ತೆಯ ಕಾರಿಗೆ ಹಾಕಕೂಡದೆನ್ನುತ್ತದೆ. ತಯಾರಕನು ಪರೀಕ್ಷೆಗಳಿಂದ ನಿರಪಾಯವೆಂದು ತೋರಿಸಿಕೊಟ್ಟರೆ ವಾಯುಸಂಪನ್ಮೂಲ ಮಂಡಲಿಯು ಆ ವಸ್ತುವಿಗೆ ಒಂದು ಆಜ್ಞಾಸಂಖ್ಯೆಯನ್ನು ಕೊಡುತ್ತದೆ. ನಮ್ಮಲ್ಲಿಯೂ 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣ ಮೂಲರಚನೆಗೆ ವಿರುದ್ಧವಾದ ಮಾರ್ಪಾಟುಗಳನ್ನು ನಿರ್ಬಂಧಿಸಿದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕ್ಯಾಲಿಫೋರ್ನಿಯಾದಲ್ಲಿ 1984ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಹೊಗೆಪರೀಕ್ಷೆಯ ದಿನ ಪರೀಕ್ಷಕನು ಬಾನೆಟ್ಟನ್ನು ಎತ್ತಿಸಿ ನೋಡುವುದರಿಂದ, ಆಜ್ಞಾಸಂಖ್ಯೆಯಿಲ್ಲದ ಕೊಳವೆಯ ಮಾಲೀಕರು ಹಿಂದಿನ ದಿನವೇ ಹಳೆಯದನ್ನು ಅಟ್ಟದಿಂದಿಳಿಸಿ ಸಿಕ್ಕಿಸಿ, ಪರೀಕ್ಷೆಯಾದೊಡನೆ ಮತ್ತೆ ಬದಲಿಸುವ ರೂಢಿಯೂ ಬೆಳೆದಿದೆ. ಹಾಗೆನ್-ಸ್ಮಿಟ್ ಅವರು ಯಾವ ಮಬ್ಬಿನ ಗುಟ್ಟನ್ನು ಬಿಡಿಸಿದರೋ ಆ ಮಬ್ಬನ್ನು ಉಸಿರಾಡಿದ ಊರಿನವರೇ ಹೀಗೆ ಮಾಡುವುದು ನನಗೆ ಸರಿದೋರದು. ಸಂಖ್ಯೆ ಪಡೆದ ಕೊಳವೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಸೆನ್ಸರಿನ ಬಳಿಯ ಒಳವ್ಯಾಸ ಮೂಲದಷ್ಟೇ ಇರುವುದನ್ನು, ಫಿಲ್ಟರಿಗೆ ಎಂಜಿನ್ನಿನ ಬಿಸಿ ತಾಗದಂತೆ ಮುಚ್ಚಿದ ಪೆಟ್ಟಿಗೆಯಿರುವುದನ್ನು, ಎಂಜಿನ್ನಿನ ಅಲುಗಾಟವನ್ನು ತಾಳಿಕೊಳ್ಳುವ ಮೆತುವಾದ ಸಂಧಿಯೂ ಒಳ್ಳೆಯ ಕ್ಲಾಂಪುಗಳೂ ಇರುವುದನ್ನು ಆರಿಸಬೇಕು. ಹತ್ತಿಬಟ್ಟೆಯ ಫಿಲ್ಟರನ್ನು ತೊಳೆದ ಮೇಲೆ ಎಣ್ಣೆಯನ್ನು ಮಿತಿಮೀರಿ ಸವರಿದರೆ ಅದು ಹಾರಿಹೋಗಿ ಕಾದ ತಂತಿಗೆ ಅಂಟಿಕೊಳ್ಳುವುದರಿಂದ, ಎಣ್ಣೆಯ ಡಬ್ಬಿಯನ್ನು ಹಿಡಿದ ಕೈ ಬಿಗಿಯಾಗಿಯೇ ಇರಬೇಕು.